ಜೀವಿ ಸಂಗ್ರಹದ ಆಟಗಳಲ್ಲಿ ಆಟಗಾರರ ತಾಳ್ಮೆ ಎಲ್ಲಿ ಸೋರಿಹೋಗುತ್ತದೆ?

ಬಿಡುವಿನ ವೇಳೆಯಲ್ಲಿ ಇಬ್ಬರು ಸ್ನೇಹಿತರೊಡನೆ ಪೋಕೆಮಾನ್ ಮಾದರಿಯ ಸಣ್ಣದೊಂದು ಆಟವನ್ನು ಕಟ್ಟುತ್ತಿರುವುದಾಗಿ ಬರೆದಿದ್ದೀರಿ. ಕಥೆ, ಜೀವಿಗಳ ಚಿತ್ರ, ಕಾಳಗದ ಲೆಕ್ಕಾಚಾರ ಎಲ್ಲವೂ ಒಂದು ಹದಕ್ಕೆ ಬಂದಿದ್ದರೂ ಆಡಿ ನೋಡಿದವರು ಕೆಲವೇ ಗಂಟೆಗಳಲ್ಲಿ ಕೈಬಿಡುತ್ತಿದ್ದಾರೆ, ಕಾರಣ ಕೇಳಿದರೆ ‘ಚೆನ್ನಾಗಿದೆ, ಆದರೆ ಏನೋ ಕಿರಿಕಿರಿ’ ಎನ್ನುವುದಕ್ಕಿಂತ ಹೆಚ್ಚೇನೂ ಹೇಳುತ್ತಿಲ್ಲ, ಆ ಕಿರಿಕಿರಿ ಯಾವುದಿರಬಹುದು ಎಂದು ಕೇಳಿದ್ದೀರಿ. ಈ ಪ್ರಕಾರದ ಆಟಗಳನ್ನು ಬಾಲ್ಯದಿಂದಲೂ ಪ್ರೀತಿಯಿಂದ ಆಡುತ್ತ ಬಂದಿರುವುದರಿಂದ, ನನಗೆ ಕಂಡದ್ದನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಹೊಸ ಪ್ರದೇಶಕ್ಕೆ ಕಾಲಿಡು, ಅಲ್ಲಿನ ಜೀವಿಯನ್ನು ಹಿಡಿ, ಅದನ್ನು ತಂಡಕ್ಕೆ ಸೇರಿಸಿ ಏನಾಗುತ್ತದೆ ನೋಡು ಎಂಬುದೇ ಈ ಆಟಗಳ ಆಹ್ವಾನ. ಆ ಆಹ್ವಾನವನ್ನು ನಂಬಿ ಹೆಜ್ಜೆ ಇಟ್ಟವರಿಂದ ಹೆಜ್ಜೆ ಹೆಜ್ಜೆಗೂ ಸುಂಕ ವಸೂಲಿ ಮಾಡುವ ವ್ಯವಸ್ಥೆಗಳು ಅದೇ ಆಟದೊಳಗೆ ಇದ್ದಾಗ ಕಿರಿಕಿರಿ ಹುಟ್ಟುತ್ತದೆ. ಆಟ ಕಷ್ಟವಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಷ್ಟದ ಕಾಳಗದಲ್ಲಿ ಆಟಗಾರರು ಏನನ್ನಾದರೂ ಯೋಚಿಸಿ ನಿರ್ಧರಿಸಬೇಕಾಗುತ್ತದೆ. ಸುಂಕದ ಜಾಗದಲ್ಲಿ ನಿರ್ಧರಿಸುವುದಕ್ಕೆ ಏನೂ ಇರುವುದಿಲ್ಲ, ಬಟನ್ ಒತ್ತುತ್ತ ಕಾಯುವುದೊಂದೇ ಕೆಲಸ.

ಮೊದಲು ನೋಡಬೇಕಾದದ್ದು ಕಾಳಗದ ಒಂದೇ ಒಂದು ಸರದಿಗೆ ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು. ಪೋಕೆಮಾನ್ ಸರಣಿಯಲ್ಲಿ 2006ರಲ್ಲಿ ಬಂದ ‘ಡೈಮಂಡ್’ ಮತ್ತು ‘ಪರ್ಲ್’ ಆಟಗಳ ಕಾಳಗವನ್ನು ನೆನಪಿಸಿಕೊಳ್ಳಿ. ಯಾರು ಯಾವ ಮೂವ್ (ಕಾಳಗದ ಪಟ್ಟು) ಬಳಸಿದರು ಎಂಬ ಸಾಲು ಮೂಡುತ್ತದೆ, ಅನಿಮೇಷನ್ ಓಡುತ್ತದೆ, ಎದುರಾಳಿಯಲ್ಲಿ ಉಳಿದ ಪ್ರಾಣಬಲವನ್ನು ತೋರಿಸುವ ಎಚ್‌ಪಿ ಪಟ್ಟಿ ನಿಧಾನವಾಗಿ ಇಳಿಯುತ್ತದೆ, ಪೆಟ್ಟು ಪರಿಣಾಮಕಾರಿಯಾಯಿತು ಎಂಬ ಇನ್ನೊಂದು ಸಾಲು ಬರುತ್ತದೆ. ಎದುರಾಳಿಯ ಸರದಿಯಲ್ಲೂ ಇಷ್ಟೇ ನಡೆದು, ಕೊನೆಗೆ ಮಳೆ ಇನ್ನೂ ಸುರಿಯುತ್ತಿದೆ ಎಂಬುದಕ್ಕೊಂದು ಸಾಲು, ಲೆಫ್ಟೋವರ್ಸ್ ಎಂಬ ವಸ್ತುವನ್ನು ಹಿಡಿದಿರುವ ಜೀವಿ ತುಸು ಚೇತರಿಸಿಕೊಂಡಿತು ಎಂಬುದಕ್ಕೆ ಮತ್ತೊಂದು ಸಾಲು ಕಾಣಿಸಿಕೊಳ್ಳುತ್ತದೆ. ಬ್ಲಿಸ್ಸಿಯಂಥ ಭಾರೀ ಎಚ್‌ಪಿಯ ಜೀವಿಗೆ ದೊಡ್ಡ ಪೆಟ್ಟು ಬಿದ್ದರಂತೂ ಆ ಪಟ್ಟಿ ಇಳಿದು ಮುಗಿಯುವವರೆಗೆ ಸುಮ್ಮನೆ ನೋಡುತ್ತ ಕೂರಬೇಕಾಗಿತ್ತು. ಆ ಆಟಗಳಲ್ಲಿ ನೀರಿನ ಮೇಲೆ ಸಾಗುವುದೂ ನಿಧಾನ, ಸೇವ್ ಮಾಡುವುದೂ ನಿಧಾನ. 2008ರ ‘ಪ್ಲಾಟಿನಮ್’ನಲ್ಲಿ ಇವುಗಳ ವೇಗವನ್ನು ಹೆಚ್ಚಿಸಿದಾಗ ಅದೇ ಪ್ರದೇಶದಲ್ಲಿ ಅದೇ ಜೀವಿಗಳೊಡನೆ ಆಡುತ್ತಿದ್ದರೂ ಆಟ ಬೇರೆಯೇ ಆಗಿಬಿಟ್ಟಂತೆ ಅನಿಸಿತು. ಒಂದು ಸರದಿಯಲ್ಲಿ ಕಳೆದುಹೋಗುವ ನಾಲ್ಕು ಸೆಕೆಂಡು ಅತ್ಯಲ್ಪವೇ; ಆದರೆ ಇಂಥ ಆಟವನ್ನು ಮುಗಿಸುವಷ್ಟರಲ್ಲಿ ಸಾವಿರಾರು ಸರದಿಗಳು ಕಳೆದಿರುತ್ತವೆ. ಅನಿಮೇಷನ್ ನಿಲ್ಲಿಸುವ ಮತ್ತು ಪಠ್ಯದ ವೇಗ ಹೆಚ್ಚಿಸುವ ಆಯ್ಕೆಗಳು ಈ ಸರಣಿಯ ಮೊದಲ ಆಟಗಳಲ್ಲೇ ಇದ್ದವು. ನಿಮ್ಮ ಆಟದಲ್ಲೂ ಅವು ಇರಲಿ, ಅದಕ್ಕೂ ಮಿಗಿಲಾಗಿ ಬಟನ್ ಒತ್ತದಿದ್ದರೂ ತಾನಾಗಿ ಮುಂದಕ್ಕೆ ಸಾಗುವ ಪಠ್ಯವಿರಲಿ. ಹವಾಮಾನ ಹಾಗೇ ಮುಂದುವರಿದಿದೆ ಎಂದು ತಿಳಿಸುವುದಕ್ಕೆ ಪರದೆಯ ಮೂಲೆಯಲ್ಲೊಂದು ಪುಟ್ಟ ಚಿಹ್ನೆ ಧಾರಾಳವಾಗಿ ಸಾಕು.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಹೊಸದಾಗಿ ಹಿಡಿದ ಜೀವಿಯ ಪಾಡು. ಆಟದ ಅರ್ಧ ದಾರಿಯಲ್ಲಿ ಒಂದು ಜೀವಿಯನ್ನು ಕಂಡು ಮನಸೋಲುತ್ತೇವೆ, ಕಷ್ಟಪಟ್ಟು ಹಿಡಿಯುತ್ತೇವೆ. ತಂಡದ ಉಳಿದವರೆಲ್ಲ 40ನೆಯ ಲೆವೆಲ್ ದಾಟಿರುವಾಗ ಅದು 25ರಲ್ಲಿ ನಿಂತಿರುತ್ತದೆ. ಅದನ್ನು ಆಡಿಸಬೇಕೆಂದರೆ ಹಳೆಯ ದಾರಿಗಳಿಗೆ ಹಿಂದಿರುಗಿ ದುರ್ಬಲ ಜೀವಿಗಳನ್ನು ಒಂದೊಂದಾಗಿ ಸೋಲಿಸುತ್ತ ಕೂರಬೇಕು. ಹೆಚ್ಚಿನವರು ಆ ಗೋಜಿಗೆ ಹೋಗದೆ ಅದನ್ನು ತಂಡದ ಹೊರಗಿನ ಜೀವಿಗಳನ್ನು ಇಡುವ ಬಾಕ್ಸಿಗೆ ಹಾಕಿ ಮರೆತುಬಿಡುತ್ತಾರೆ. ನೂರಾರು ಜೀವಿಗಳಿರುವ ಆಟವೊಂದನ್ನು ಆರಂಭದಲ್ಲಿ ಸಿಕ್ಕ ಆರೇ ಜೀವಿಗಳೊಡನೆ ಮುಗಿಸುವುದು ಇದರಿಂದಾಗಿಯೇ. ಪೋಕೆಮಾನ್‌ನಲ್ಲಿ 2013ರ ‘ಎಕ್ಸ್’ ಮತ್ತು ‘ವೈ’ ಆಟಗಳು ಅನುಭವದ ಅಂಕಗಳನ್ನು ಇಡೀ ತಂಡಕ್ಕೆ ಹಂಚುವ ಎಕ್ಸ್‌ಪಿ ಶೇರ್ ಸೌಲಭ್ಯವನ್ನು ಕೊಟ್ಟವು, ಬೇಡವೆಂದವರು ಅದನ್ನು ನಿಲ್ಲಿಸಬಹುದಾಗಿತ್ತು. 2019ರ ‘ಸೋರ್ಡ್’ ಮತ್ತು ‘ಶೀಲ್ಡ್’ ಆಟಗಳಲ್ಲಿ ನಿಲ್ಲಿಸುವ ಆಯ್ಕೆಯೇ ಇಲ್ಲವಾಯಿತು. ಆಗ ಇನ್ನೊಂದು ಬಗೆಯ ಆಟಗಾರರಿಗೆ ಬೇಸರವಾಯಿತು: ಸವಾಲು ಬೇಕೆನ್ನುವವರ ತಂಡ ತಾನಾಗಿಯೇ ಎದುರಾಳಿಗಳಿಗಿಂತ ಮೇಲಕ್ಕೆ ಬೆಳೆದುಬಿಡುತ್ತಿತ್ತು. ಎರಡೂ ದೂರುಗಳು ನ್ಯಾಯವಾದವು, ಎರಡಕ್ಕೂ ಆಯ್ಕೆಗಳ ಮೆನುವಿನಲ್ಲಿ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಅವೇ ಆಟಗಳಲ್ಲಿ ಬಂದ ಎಕ್ಸ್‌ಪಿ ಕ್ಯಾಂಡಿಯನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. ಬೇರೆಡೆ ಗಳಿಸಿದ ಅಂಕಗಳನ್ನು ಕೂಡಿಟ್ಟು, ನಮಗೆ ಇಷ್ಟವಾದ ಹೊಸ ಜೀವಿಗೆ ಒಮ್ಮೆಲೇ ಕೊಟ್ಟು, ಆ ಕ್ಷಣವೇ ಅದನ್ನು ತಂಡದ ಸಮಕ್ಕೆ ತರಬಹುದು. ನಿಮ್ಮ ಆಟದಲ್ಲಿ ಬೇರೇನನ್ನು ಬಿಟ್ಟರೂ ಇಂಥದ್ದೊಂದು ದಾರಿಯನ್ನು ಬಿಡಬೇಡಿ.

ತಂಡದಲ್ಲಿ ಜಾಗವನ್ನು ಕಸಿಯುವ ನಿಯಮಗಳನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಪೋಕೆಮಾನ್‌ನ ಹಳೆಯ ಆಟಗಳಲ್ಲಿ ಗಿಡ ಕಡಿಯಲು, ಬಂಡೆ ತಳ್ಳಲು, ನೀರು ದಾಟಲು ಎಚ್‌ಎಂ ಎಂಬ ವಿಶೇಷ ಮೂವ್‌ಗಳು ಬೇಕಾಗಿದ್ದವು. ಒಂದು ಜೀವಿಗೆ ಇರುವುದು ನಾಲ್ಕೇ ಮೂವ್‌ಗಳ ಜಾಗ. ಅಲ್ಲಿ ಒಮ್ಮೆ ಎಚ್‌ಎಂ ಕೂತರೆ ಸುಲಭದಲ್ಲಿ ಅಳಿಸುವಂತಿರಲಿಲ್ಲ. 1996ರ ಮೊದಲ ಆಟಗಳಲ್ಲಿ ಅಳಿಸುವ ಉಪಾಯವೇ ಇರಲಿಲ್ಲ, ಅದಕ್ಕಾಗಿ ಮೀಸಲಾದ ಪಾತ್ರವೊಂದು ಬಂದದ್ದು 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ ಆಟಗಳಲ್ಲಿ. ‘ಡೈಮಂಡ್’ ಮತ್ತು ‘ಪರ್ಲ್’ ಆಟಗಳಲ್ಲಿ ಎಂಟು ಎಚ್‌ಎಂಗಳಿದ್ದವು. ಆರು ಜೀವಿಗಳ ತಂಡಕ್ಕೆ ಇರುವ ಒಟ್ಟು 24 ಜಾಗಗಳಲ್ಲಿ ಮೂರನೆಯ ಒಂದು ಭಾಗ ದಾರಿ ತೆರವು ಮಾಡುವುದಕ್ಕೇ ಹೋಗುತ್ತಿತ್ತು ಎಂದಾಯಿತು. ಹೀಗಾಗಿ ಇವುಗಳಲ್ಲಿ ಹಲವನ್ನು ಕಲಿಯಬಲ್ಲ ಬಿಬಾರೆಲ್ ಎಂಬ ಜೀವಿ ಎಷ್ಟೋ ಜನರ ತಂಡದಲ್ಲಿ ಕಾಳಗಕ್ಕೆ ಇಳಿಯದೆ ಕೂಲಿಯಾಳಾಗಿ ಉಳಿಯಿತು. 2016ರ ‘ಸನ್’ ಮತ್ತು ‘ಮೂನ್’ ಆಟಗಳು ಇದನ್ನು ಕೈಬಿಟ್ಟು, ಕರೆದಾಗ ಬಂದು ಹೊತ್ತೊಯ್ಯುವ ಸವಾರಿ ಜೀವಿಗಳನ್ನು ತಂಡದಿಂದ ಹೊರಗೆ ಇಟ್ಟವು. ನಿಮ್ಮ ಲೋಕದಲ್ಲಿ ಜೀವಿಗಳು ದಾರಿ ಮಾಡಿಕೊಡುವುದು ಸೊಗಸಾದ ಕಲ್ಪನೆಯೇ. ಆ ಸಾಮರ್ಥ್ಯವನ್ನು ಕಾಳಗದ ಮೂವ್‌ಗಳಿಂದ ಬೇರ್ಪಡಿಸಿದರೆ ಕಲ್ಪನೆ ಹಾಗೆಯೇ ಉಳಿಯುತ್ತದೆ, ತಂಡವೂ ಆಟಗಾರರದ್ದಾಗಿಯೇ ಉಳಿಯುತ್ತದೆ.

ಅದೃಷ್ಟದ ಬಗ್ಗೆ ನಿಮ್ಮಲ್ಲಿ ಗೊಂದಲವಿದ್ದಂತೆ ತೋರಿತು, ಏಕೆಂದರೆ ಜೀವಿಯನ್ನು ಹಿಡಿಯುವಾಗ ಸೋಲುವ ಸಾಧ್ಯತೆಯನ್ನೇ ತೆಗೆದುಹಾಕೋಣವೇ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಜೀವಿಯನ್ನು ಹಿಡಿಯಲು ಎಸೆದ ಚೆಂಡು ವಿಫಲವಾದಾಗ ಕಾಡುಜೀವಿಗೆ ತಿರುಗಿ ಹೊಡೆಯುವ ಅವಕಾಶ ಸಿಗುತ್ತದೆ, ನಮ್ಮ ಬಳಿ ಒಂದು ಚೆಂಡು ಕಡಿಮೆಯಾಗುತ್ತದೆ, ಇನ್ನಷ್ಟು ದಣಿಸಬೇಕೇ ಅಥವಾ ಈಗಲೇ ಮತ್ತೆ ಎಸೆಯಬೇಕೇ ಎಂದು ಹೊಸದಾಗಿ ಯೋಚಿಸಬೇಕಾಗುತ್ತದೆ. ಅದು ಆಟದ ಜೀವಾಳ. ತೊಂದರೆ ಇರುವುದು ಏನನ್ನೂ ಪಣಕ್ಕಿಡದೆ ಮತ್ತೆ ಮತ್ತೆ ಪ್ರಯತ್ನಿಸಬಹುದಾದ ಅದೃಷ್ಟದಲ್ಲಿ. 2006ರ ‘ಪರ್ಸೋನಾ 3’ ಮತ್ತು 2008ರ ‘ಪರ್ಸೋನಾ 4’ ಆಟಗಳಲ್ಲಿ ಕಾಳಗಕ್ಕೆ ಕರೆಯುವ ಜೀವಿಗಳಾದ ಪರ್ಸೋನಾಗಳಲ್ಲಿ ಎರಡನ್ನು ಬೆಸೆದು ಹೊಸದನ್ನು ಪಡೆಯುವಾಗ, ಹಳೆಯವುಗಳ ಯಾವ ವಿದ್ಯೆಗಳು ಹೊಸದಕ್ಕೆ ಬರುತ್ತವೆ ಎಂಬುದನ್ನು ಆಟವೇ ಯದೃಚ್ಛೆಯಿಂದ ಆರಿಸುತ್ತಿತ್ತು. ಪಟ್ಟಿ ಇಷ್ಟವಾಗದಿದ್ದರೆ ಹಿಂದೆ ಹೋಗಿ ಮತ್ತೆ ಒಳಗೆ ಬಂದರೆ ಪಟ್ಟಿ ಬದಲಾಗುತ್ತಿತ್ತು. ಹಣ ಖರ್ಚಾಗುವುದಿಲ್ಲ, ಅಪಾಯವೂ ಇಲ್ಲ. ಹಿಂದೆ, ಮುಂದೆ, ಹಿಂದೆ, ಮುಂದೆ ಎಂದು ಎರಡು ಬಟನ್‌ಗಳನ್ನು ಒತ್ತುತ್ತ, ಬಯಸಿದ ಜೋಡಣೆ ಕಣ್ಣಿಗೆ ಬೀಳುವವರೆಗೆ ಕೂರುವ ತಾಳ್ಮೆ ಯಾರಿಗಿದೆಯೋ ಅವರಿಗೆ ಒಳ್ಳೆಯ ಪರ್ಸೋನಾ ಸಿಗುತ್ತಿತ್ತು. 2012ರ ‘ಪರ್ಸೋನಾ 4 ಗೋಲ್ಡನ್’ ಆ ಆಯ್ಕೆಯನ್ನು ನೇರವಾಗಿ ಆಟಗಾರರ ಕೈಗೇ ಕೊಟ್ಟಿತು. ಆ ಒಂದು ಬದಲಾವಣೆಯಿಂದ ಬೆಸೆಯುವ ಕೋಣೆ ಆಟದ ಅತ್ಯಂತ ಸಂತೋಷದ ಜಾಗವಾಯಿತು ಎಂದೇ ನನ್ನ ಅಭಿಪ್ರಾಯ.

ಜೀವಿಯೊಂದು ಬೆಳೆದು ಇನ್ನೊಂದು ರೂಪ ತಾಳುವ ರೂಪಾಂತರದ ಷರತ್ತುಗಳ ವಿಷಯದಲ್ಲಿ ವಿನ್ಯಾಸಕಾರರು ಎಷ್ಟು ಗುಟ್ಟು ಕಾಯಬೇಕು ಎಂಬುದು ಸೂಕ್ಷ್ಮ ಪ್ರಶ್ನೆ. ಇಂಕೇ ಎಂಬ ಜೀವಿ ರೂಪಾಂತರ ಹೊಂದಬೇಕಾದರೆ ಲೆವೆಲ್ ಏರುವ ಹೊತ್ತಿನಲ್ಲಿ ಕನ್ಸೋಲನ್ನೇ ತಲೆಕೆಳಗಾಗಿ ಹಿಡಿಯಬೇಕು. ಗುಟ್ಟು ತಿಳಿದ ಮೇಲೆ ಅದು ಯಾರು ಬೇಕಾದರೂ ಒಬ್ಬರೇ ಮಾಡಬಹುದಾದ ಕ್ಷಣದ ಕೆಲಸ, ಅದರಲ್ಲೊಂದು ತುಂಟತನದ ಚೆಲುವೂ ಇದೆ. ಫೀಬಸ್ ಎಂಬ ಮೀನನ್ನು ಹಿಡಿಯುವ ಗುಟ್ಟಿನ ಕಥೆ ಹಾಗಲ್ಲ. 2002ರ ‘ರೂಬಿ’ ಮತ್ತು ‘ಸಫೈರ್’ ಆಟಗಳಲ್ಲಿ 119ನೆಯ ದಾರಿಯ ಉದ್ದನೆಯ ನದಿಯಲ್ಲಿ ಕೇವಲ ಆರು ಚೌಕಗಳಲ್ಲಿ ಮಾತ್ರ ಅದು ಗಾಳಕ್ಕೆ ಸಿಗುತ್ತಿತ್ತು. ಆ ಚೌಕಗಳು ಉಳಿದವುಗಳಿಂದ ನೋಟದಲ್ಲಿ ಬೇರೆಯಾಗಿರಲಿಲ್ಲ. ದೂರದ ಊರೊಂದರಲ್ಲಿ ಹುಡುಗನೊಬ್ಬ ಹೇಳುವ ಜನಪ್ರಿಯ ನುಡಿಗಟ್ಟು ಬದಲಾದರೆ ಆ ಆರು ಚೌಕಗಳೂ ಬೇರೆಡೆಗೆ ಸರಿಯುತ್ತಿದ್ದವು. ಸರಿಯಾದ ಚೌಕದಲ್ಲಿ ನಿಂತರೂ ಪ್ರತಿ ಬಾರಿ ಫೀಬಸ್ಸೇ ಬರುತ್ತದೆಂಬ ಖಾತರಿಯಿಲ್ಲ. ಒಂದು ಚೌಕವನ್ನು ಯಾವಾಗ ಬಿಟ್ಟು ಮುಂದಕ್ಕೆ ಹೋಗಬೇಕು ಎಂದು ತಿಳಿಯುವ ಬಗೆಯೇ ಇಲ್ಲದಿದ್ದಾಗ ಹುಡುಕಾಟದಲ್ಲಿ ಜಾಣ್ಮೆಗೆ ಜಾಗವಿರುವುದಿಲ್ಲ. ಇನ್ನು ಕಡಾಬ್ರಾ, ಹಾಂಟರ್ ಮುಂತಾದ ಜೀವಿಗಳು ಇನ್ನೊಬ್ಬರೊಡನೆ ವಿನಿಮಯವಾದರೆ ಮಾತ್ರ ರೂಪಾಂತರಗೊಳ್ಳುತ್ತಿದ್ದವು. ಜನರನ್ನು ಒಟ್ಟುಗೂಡಿಸುವ ಆ ಉದ್ದೇಶ ನನಗೆ ಬಹಳ ಪ್ರಿಯ. ಆದರೂ ಜೊತೆಗಾರರು ಸಿಗದವರಿಗೆ ಅದು ತೆರೆಯದ ಬಾಗಿಲೇ ಆಗಿತ್ತು, 2022ರ ‘ಲೆಜೆಂಡ್ಸ್: ಆರ್ಸಿಯಸ್’ನಲ್ಲಿ ಲಿಂಕಿಂಗ್ ಕೋರ್ಡ್ ಎಂಬ ವಸ್ತುವಿನ ಮೂಲಕ ಒಬ್ಬರೇ ಆಡುವವರಿಗೂ ದಾರಿ ಸಿಕ್ಕಿತು. ನಿಮ್ಮ ಆಟವನ್ನು ಆರಂಭದಲ್ಲಿ ಬೆರಳೆಣಿಕೆಯ ಜನರು ಆಡುವುದರಿಂದ ಈ ಮಾತನ್ನು ವಿಶೇಷವಾಗಿ ಗಮನಿಸಿ.

ಮರೆಯಲ್ಲಿರುವ ಅಂಕಿಗಳ ಬಗ್ಗೆ ನನಗೆ ನಿಜಕ್ಕೂ ನೋವಿದೆ. ಪೋಕೆಮಾನ್‌ನಲ್ಲಿ ಪ್ರತಿ ಜೀವಿಗೂ ಹುಟ್ಟಿನಿಂದಲೇ ಬಲ, ವೇಗ ಮುಂತಾದ ಆರು ಗುಣಗಳಿಗೆ 0ರಿಂದ 31ರವರೆಗಿನ ಐವಿ ಅಂಕಗಳು, ಅದರ ಮೇಲೆ 25 ಬಗೆಯ ನೇಚರ್‌ಗಳಲ್ಲಿ (ಸ್ವಭಾವಗಳಲ್ಲಿ) ಒಂದು ನಿಗದಿಯಾಗಿರುತ್ತದೆ. ಬಹಳ ವರ್ಷಗಳ ಕಾಲ ಈ ಅಂಕಗಳನ್ನು ಆಟ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬದಲಿಸಲೂ ಬಿಡುತ್ತಿರಲಿಲ್ಲ. ಪರಿಣಾಮವಾಗಿ, ಮೊದಲ ದಿನದಿಂದ ಜೊತೆಗಿದ್ದು ಎಲ್ಲ ಕಾಳಗಗಳಲ್ಲೂ ಕಾಪಾಡಿದ ಜೀವಿ, ಸ್ಪರ್ಧೆಗೆ ಇಳಿಯುವ ಹೊತ್ತಿಗೆ ಅಂಕಿಗಳ ಕಾರಣಕ್ಕೇ ಅನರ್ಹವೆನಿಸಿ, ಅದೇ ಜಾತಿಯ ಇನ್ನೊಂದನ್ನು ಮೊಟ್ಟೆಯಿಂದ ಮರಿ ಮಾಡಿ ತರಬೇಕಾಗುತ್ತಿತ್ತು. ಜೀವಿಯೊಡನೆ ಬಾಂಧವ್ಯ ಬೆಳೆಸು ಎನ್ನುವ ಕಥೆಯೂ ಅದನ್ನು ಬದಲಾಯಿಸು ಎನ್ನುವ ಲೆಕ್ಕವೂ ಒಂದೇ ಆಟದಲ್ಲಿ ಎದುರುಬದುರಾದವು. 2016ರಲ್ಲಿ ಬಂದ ಹೈಪರ್ ಟ್ರೇನಿಂಗ್ ಎಂಬ ತರಬೇತಿ ಐವಿಯ ಕೊರತೆಯನ್ನು ತುಂಬಿಕೊಟ್ಟಿತು, ‘ಸೋರ್ಡ್’ ಮತ್ತು ‘ಶೀಲ್ಡ್’ ಆಟಗಳ ಮಿಂಟ್ ಎಂಬ ವಸ್ತುಗಳು ನೇಚರ್‌ನ ಪರಿಣಾಮವನ್ನು ಬದಲಿಸಲು ಬಿಟ್ಟವು. ಒಂದೇ ಜಾತಿಯ ಎರಡು ಜೀವಿಗಳಲ್ಲಿ ವ್ಯತ್ಯಾಸವಿರುವುದು ಚೆಂದವೇ. ಆ ವ್ಯತ್ಯಾಸ ಕಣ್ಣಿಗೆ ಕಾಣುವಂತಿರಲಿ, ಶ್ರಮಿಸಿದರೆ ತಿದ್ದಿಕೊಳ್ಳುವಂತಿರಲಿ.

ಕೆಲವು ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಆಟಗಳಲ್ಲಿ ಒಂದು ಬಾಕ್ಸಿಗೆ 20 ಜೀವಿಗಳು ಹಿಡಿಸುತ್ತಿದ್ದವು, ತಂಡವೂ ಬಾಕ್ಸೂ ತುಂಬಿದ್ದರೆ ಅಪರೂಪದ ಜೀವಿ ಎದುರಿಗಿದ್ದರೂ ಚೆಂಡು ಎಸೆಯಲು ಆಗುತ್ತಿರಲಿಲ್ಲ; ಮುಂದಿನ ಖಾಲಿ ಬಾಕ್ಸನ್ನು ಆಟ ತಾನೇ ಹುಡುಕಿಕೊಳ್ಳಬೇಕು. ಕಾಡುಜೀವಿಗಳನ್ನು ದೂರವಿಡುವ ರಿಪೆಲ್‌ನ ಪ್ರಭಾವ ಮುಗಿದಾಗ ಇನ್ನೊಂದನ್ನು ಬಳಸಬೇಕೇ ಎಂದು ಅಲ್ಲೇ ಕೇಳುವ ಸಣ್ಣ ಉಪಕಾರ ಬರಲು 2012ರ ‘ಬ್ಲ್ಯಾಕ್ 2’ ಮತ್ತು ‘ವೈಟ್ 2’ ಆಟಗಳವರೆಗೆ ಕಾಯಬೇಕಾಯಿತು. ಬಣ್ಣ ಬೇರೆಯಿರುವ ಶೈನಿ ಜೀವಿ ಹತ್ತಿರದಲ್ಲಿದ್ದರೆ ‘ಲೆಜೆಂಡ್ಸ್: ಆರ್ಸಿಯಸ್’ ಮಿನುಗಿನಿಂದಲೂ ಸದ್ದಿನಿಂದಲೂ ತಿಳಿಸುತ್ತಿತ್ತು, ಅದೇ ವರ್ಷ ಬಂದ ‘ಸ್ಕಾರ್ಲೆಟ್’ ಮತ್ತು ‘ವಯೊಲೆಟ್’ ಆಟಗಳ ಬಯಲಿನಲ್ಲಿ ಮಿನುಗೂ ಇಲ್ಲ, ಸದ್ದೂ ಇಲ್ಲ, ಬಣ್ಣದ ವ್ಯತ್ಯಾಸ ಸೂಕ್ಷ್ಮವಾಗಿರುವ ಜೀವಿ ಕಾಲಬುಡದಲ್ಲೇ ಓಡಾಡಿದರೂ ಗೊತ್ತಾಗುವುದಿಲ್ಲ. ಬಣ್ಣಗಳನ್ನು ಸುಲಭವಾಗಿ ಗುರುತಿಸಲಾಗದವರಿಗಂತೂ ಅಂಥ ಮಿನುಗು, ಸದ್ದುಗಳೇ ಆಸರೆ.

ಕೊನೆಯದಾಗಿ, ಆಟದ ಪ್ರಗತಿಯನ್ನು ಉಳಿಸಿಡುವ ಜಾಗ, ಅಂದರೆ ಸೇವ್ ಸ್ಲಾಟ್. ಪೋಕೆಮಾನ್ ಸರಣಿಯ ಆಟಗಳಲ್ಲಿ ಒಬ್ಬರಿಗೆ ಒಂದೇ ಸೇವ್ ಇರುವುದು ರೂಢಿಯಾಗಿಬಿಟ್ಟಿದೆ. ಬೇರೆ ಆಟಗಳಲ್ಲಿ ಹಳೆಯ ಸೇವ್ ಅಳಿಸಿದರೆ ಮುಗಿಸಿದ ಕಥೆಯೊಂದು ಹೋಗುತ್ತದೆ. ಇಲ್ಲಿ ನಾವೇ ಹೆಸರಿಟ್ಟು ಬೆಳೆಸಿದ ಜೀವಿಗಳೆಲ್ಲ ಹೋಗುತ್ತವೆ. ಬೇರೊಂದು ಆರಂಭಿಕ ಜೀವಿಯನ್ನು ಆರಿಸಿ ಮತ್ತೊಮ್ಮೆ ಆಡುವ ಆಸೆ ಎಲ್ಲರಿಗೂ ಬರುತ್ತದೆ, ಮತ್ತು ನಿಮ್ಮ ಆಟದಲ್ಲಿ ಅಂಥ ಆರಂಭಿಕ ಜೀವಿಗಳು ನಾಲ್ಕಿವೆ ಎಂದಿದ್ದೀರಿ. ಹಾಗಾದರೆ ಕನಿಷ್ಠ ನಾಲ್ಕು ಸ್ಲಾಟ್‌ಗಳನ್ನಾದರೂ ಕೊಡಿ, ಒಂದರಲ್ಲಿರುವ ಜೀವಿಯನ್ನು ಇನ್ನೊಂದಕ್ಕೆ ಸಾಗಿಸುವ ಸೌಲಭ್ಯವನ್ನೂ ಸಾಧ್ಯವಾದರೆ ಸೇರಿಸಿ.