ಓದುಗರ ಪ್ರಶ್ನೆ: ಆ ಶೇಕಡಾ 20ರ ಮುನ್ನಡೆ ನನ್ನ ಕಂಪ್ಯೂಟರಿನಲ್ಲೂ ಸಿಗುವುದೇ?

ಪ್ರಶ್ನೆ: ‘ಡೂಮ್: ದ ಡಾರ್ಕ್ ಏಜಸ್’ ಆಟಕ್ಕಾಗಿ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬೇಕೆಂದಿದ್ದೇನೆ. ನನ್ನಲ್ಲಿರುವುದು ಕೋರ್ ಐ5-10400 ಪ್ರೊಸೆಸರ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1650 ಕಾರ್ಡ್, 450 ವ್ಯಾಟ್‌ನ ಪವರ್ ಸಪ್ಲೈ ಮತ್ತು 60 ಹರ್ಟ್ಸ್‌ನ 1080ಪಿ ಮಾನಿಟರ್. ಇಲ್ಲಿನ ಅಂಗಡಿಯೊಂದರಲ್ಲಿ ಹೊಸ ಆರ್‌ಟಿಎಕ್ಸ್ 4060 ಇದೆ; ಪರಿಚಿತರೊಬ್ಬರು ಬಳಸಿದ ಆರ್‌ಟಿಎಕ್ಸ್ 3060 ಅನ್ನು ಸಾಕಷ್ಟು ಕಡಿಮೆ ಬೆಲೆಗೆ ಕೊಡುವುದಾಗಿ ಹೇಳುತ್ತಿದ್ದಾರೆ. ಯೂಟ್ಯೂಬಿನ ಹೋಲಿಕೆಗಳಲ್ಲಿ 4060 ಶೇಕಡಾ 20ರಷ್ಟು ಮುಂದಿದೆ. ಯಾವುದನ್ನು ಕೊಳ್ಳಲಿ?
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಮಾನ್ಯರೇ, 1650 ಅನ್ನು ಬದಲಾಯಿಸದೆ ವಿಧಿಯಿಲ್ಲ. 2025ರ ಮೇ ತಿಂಗಳಲ್ಲಿ ಬಿಡುಗಡೆಯಾದ ಈ ಆಟಕ್ಕೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ವಿಧಾನ) ಸಾಮರ್ಥ್ಯವಿರುವ, ಕನಿಷ್ಠ 8 ಜಿಬಿ ಮೆಮೊರಿಯ ಕಾರ್ಡ್ ಕಡ್ಡಾಯ. ನಿಮ್ಮ ಕಾರ್ಡಿನಲ್ಲಿ ಇವೆರಡೂ ಇಲ್ಲ. ಆದರೆ ಕನಿಷ್ಠ ಅಗತ್ಯಗಳ ಅದೇ ಪಟ್ಟಿಯಲ್ಲಿ ಪ್ರೊಸೆಸರಿಗೆ 8 ಕೋರ್, 16 ಥ್ರೆಡ್ ಬೇಕೆಂದೂ ಹೇಳಿದೆ. ನಿಮ್ಮದರಲ್ಲಿರುವುದು 6 ಕೋರ್, 12 ಥ್ರೆಡ್. ಕಾರ್ಡುಗಳನ್ನು ಹೋಲಿಸುವವರು ಪ್ರೊಸೆಸರ್ ಎಲ್ಲಿಯೂ ಅಡ್ಡಬರಬಾರದೆಂದು ಅತಿ ವೇಗದ ಪ್ರೊಸೆಸರನ್ನೇ ಬಳಸುತ್ತಾರೆ. ಪರೀಕ್ಷೆಯ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ, ಆದರೆ ಹಾಗೆ ಕಂಡ ಶೇಕಡಾ 20ರ ಅಂತರ ನಿಮ್ಮ ಮನೆಯಲ್ಲಿ ಅಷ್ಟೇ ಇರಬೇಕೆಂದಿಲ್ಲ. ಇನ್ನು ನಿಮ್ಮ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ತೋರಿಸುವುದಿಲ್ಲವಾದ್ದರಿಂದ, ಒಂದು ಕಾರ್ಡ್ 75, ಮತ್ತೊಂದು 90 ಎಂದು ಲೆಕ್ಕ ಕೊಟ್ಟರೂ ನಿಮ್ಮ ಕಣ್ಣಿಗೆ ಬೀಳುವ ವ್ಯತ್ಯಾಸ ಅಲ್ಪವೇ.

ನೀವು ನಿಜವಾಗಿ ಗಮನಿಸಬೇಕಾದ ಸಂಗತಿ ಮದರ್‌ಬೋರ್ಡಿನಲ್ಲಿದೆ. ಅದರ ಮೇಲೆ ಕಾರ್ಡಿಗೂ ಪ್ರೊಸೆಸರಿಗೂ ನಡುವೆ ದತ್ತಾಂಶ ಸಾಗುವ ದಾರಿಯೇ ಪಿಸಿಐ ಎಕ್ಸ್‌ಪ್ರೆಸ್, ಆ ದಾರಿಯ ಸಾಲುಗಳೇ ಲೇನ್‌ಗಳು. ಆರ್‌ಟಿಎಕ್ಸ್ 4060 ಪಿಸಿಐ ಎಕ್ಸ್‌ಪ್ರೆಸ್ 4.0ರ 8 ಲೇನ್‌ಗಳನ್ನು ಮಾತ್ರ ಬಳಸುತ್ತದೆ, 3060 ಪೂರ್ತಿ 16ನ್ನು ಬಳಸುತ್ತದೆ. ಇಂಟೆಲ್‌ನ ಹತ್ತನೇ ಪೀಳಿಗೆಯ ಪ್ರೊಸೆಸರುಗಳು ಅದರ ಅರ್ಧ ವೇಗದ 3.0ಕ್ಕೇ ನಿಲ್ಲುವುದರಿಂದ, ನಿಮ್ಮ ಯಂತ್ರದಲ್ಲಿ 4060ಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿ, 3060ಕ್ಕೆ ಸುಮಾರು 16 ಜಿಬಿ ದತ್ತಾಂಶ ಸಾಗಿಸುವ ಅವಕಾಶವಿರುತ್ತದೆ. ಆಟಕ್ಕೆ ಬೇಕಾದುದೆಲ್ಲ ಕಾರ್ಡಿನ ಮೆಮೊರಿಯಲ್ಲೇ ಹಿಡಿಸುವವರೆಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಟೆಕ್ಸ್ಚರ್‌ಗಳ (ಆಟದ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ) ಗುಣಮಟ್ಟವನ್ನು ಏರಿಸಿ 4060ರ 8 ಜಿಬಿ ತುಂಬಿಹೋಯಿತೆಂದರೆ, ಉಳಿದದ್ದು ಕಂಪ್ಯೂಟರಿನ ರ‍್ಯಾಮಿನಿಂದ ಆ ಕಿರಿದಾದ ದಾರಿಯಲ್ಲೇ ಬರಬೇಕಾಗುತ್ತದೆ, ಆಗ ಆಟ ತಡವರಿಸತೊಡಗುತ್ತದೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಪ್ರತಿಯೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡು, ನಡುವೆ ಒಂದೇ ಒಂದು ಚಿತ್ರ 50 ಮಿಲಿಸೆಕೆಂಡು ತೆಗೆದುಕೊಂಡರೂ, ಗುರಿಯಿಟ್ಟು ಗುಂಡು ಹಾರಿಸುವ ಹೊತ್ತಿನಲ್ಲಿ ಅದು ಕೈಗೆ ತಿಳಿದೇ ತಿಳಿಯುತ್ತದೆ. ಸರಾಸರಿ ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯಲ್ಲಿ) ಇಂತಹ ತಡೆ ಅಡಗಿಹೋಗುತ್ತದೆ. ಆದ್ದರಿಂದ ಯಾವ ಹೋಲಿಕೆಯನ್ನು ನೋಡಿದರೂ ಸರಾಸರಿಯ ಪಕ್ಕದಲ್ಲಿ ಕೊಡುವ ‘1% ಲೋ’ ಅಂಕಿಯನ್ನೇ, ಅಂದರೆ ಅತಿ ನಿಧಾನವಾದ ಶೇಕಡಾ 1ರಷ್ಟು ಚಿತ್ರಗಳ ವೇಗವನ್ನೇ, ಮೊದಲು ನೋಡಿ.

ಈ ಕಾರಣಗಳಿಂದ, ನಿಮ್ಮ ಈಗಿನ ಮದರ್‌ಬೋರ್ಡನ್ನೇ ಉಳಿಸಿಕೊಳ್ಳುವುದಾದರೆ ನಾನು 12 ಜಿಬಿಯ 3060ರ ಕಡೆಗೇ ವಾಲುತ್ತೇನೆ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಅದೇ ಹೆಸರಿನಲ್ಲಿ 8 ಜಿಬಿಯ ಕಾರ್ಡೂ ಮಾರುಕಟ್ಟೆಗೆ ಬಂದಿದೆ. ಅದರ ಮೆಮೊರಿ ಬಸ್ (ಕಾರ್ಡಿನ ಚಿಪ್ ಮತ್ತು ಮೆಮೊರಿಯ ನಡುವಿನ ದಾರಿಯ ಅಗಲ) 192 ಬಿಟ್‌ನಿಂದ 128ಕ್ಕೆ ಇಳಿದಿರುವುದರಿಂದ ಅದನ್ನು ಖಂಡಿತ ಕೊಳ್ಳಬೇಡಿ. ಪೆಟ್ಟಿಗೆಯ ಮೇಲಿನ ಬರಹವನ್ನು ನಂಬದೆ, ಕಾರ್ಡನ್ನು ಕಂಪ್ಯೂಟರಿಗೆ ಹಾಕಿಸಿ, ಜಿಪಿಯು-ಜ಼ಡ್ ತಂತ್ರಾಂಶದಲ್ಲಿ ಮೆಮೊರಿಯ ಗಾತ್ರ, ಬಸ್‌ನ ಅಗಲ ಎಂಬ ಈ ಎರಡು ಸಾಲುಗಳನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಿ. ವಾರಂಟಿ ಉಳಿದಿದೆಯೇ, ಮೂಲ ಬಿಲ್ ಇದೆಯೇ ಎಂಬುದನ್ನೂ ಕೇಳಿ. ಎರಡೂ ಇಲ್ಲವಾದರೆ ಹೊಸ 4060 ಅನ್ನೇ ತಂದು, ಟೆಕ್ಸ್ಚರ್‌ಗಳನ್ನು ಒಂದು ಮೆಟ್ಟಿಲು ಇಳಿಸಿ ಆಡುವುದು ಮೇಲು. ವಿದ್ಯುತ್ತಿನ ವಿಷಯದಲ್ಲಂತೂ 4060ರದೇ ಗೆಲುವು: ಅದರ ಬಳಕೆ 115 ವ್ಯಾಟ್, 3060ರದು 170 ವ್ಯಾಟ್. ತಯಾರಕರು ಎರಡಕ್ಕೂ 550 ವ್ಯಾಟ್‌ನ ಪವರ್ ಸಪ್ಲೈ ಶಿಫಾರಸು ಮಾಡುತ್ತಾರೆ, ಹಾಗಾಗಿ ಅದರ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಕರೆಂಟು ಹೋದಾಗ ಪುಟ್ಟ ಯುಪಿಎಸ್ ನೆಚ್ಚಿಕೊಂಡು ಆಡುವವರು 3060 ಹಾಕಿದ ಮೇಲೆ ಅದರ ಸಾಮರ್ಥ್ಯವನ್ನು ಇನ್ನೊಮ್ಮೆ ಪರಿಶೀಲಿಸುವುದು ಒಳ್ಳೆಯದು.

ಹೊಸ ಕಾರ್ಡ್ ಬಂದ ಮೇಲೆ ಆಟದ ಒಂದೇ ದೃಶ್ಯವನ್ನು 1080ಪಿಯಲ್ಲಿಯೂ 720ಪಿಯಲ್ಲಿಯೂ ಆಡಿ ನೋಡಿ. ಪಿಕ್ಸೆಲ್‌ಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾದರೂ ಎಫ್‌ಪಿಎಸ್ ಏರದಿದ್ದರೆ ತಡೆ ಪ್ರೊಸೆಸರಿನದೆಂದು ತಿಳಿಯಿರಿ. ಅದಕ್ಕಿಂತ ದುಬಾರಿ ಕಾರ್ಡ್ ತಂದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

ಪ್ರಶ್ನೆ: ಫ್ರೇಮ್ ಜನರೇಷನ್ ಹಾಕಿದಾಗ 4060ರ ಎಫ್‌ಪಿಎಸ್ ಬಹಳಷ್ಟು ಏರುತ್ತದೆ. ಅದನ್ನೂ ಹೋಲಿಕೆಗೆ ಸೇರಿಸಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಸೇರಿಸಬಾರದು. ಎರಡು ನಿಜವಾದ ಚಿತ್ರಗಳ ನಡುವೆ ಕಾರ್ಡ್ ತಾನೇ ಊಹಿಸಿ ತುಂಬಿದ ಚಿತ್ರ ಅದು. ನೋಟ ನಯವಾಗುತ್ತದೆಯೇ ಹೊರತು ನಿಮ್ಮ ಮೌಸ್ ಚಲನೆಗೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ. ಮೂಲ ಎಫ್‌ಪಿಎಸ್ 30ರ ಆಸುಪಾಸಿನಲ್ಲಿದ್ದರೆ, ಪರದೆಯ ಮೂಲೆಯಲ್ಲಿ 60 ಎಂದು ಕಂಡರೂ ಶೂಟರ್ ಆಟದಲ್ಲಿ ಕೈಗೆ ತಿಳಿಯುವುದು ಆ 30ರ ನಿಧಾನವೇ.