ಘೋಸ್ಟ್ ಹಂಟಿಂಗ್‌ಗೆ ಮೊದಲ ಸಲಕರಣೆ: 10,000 ರೂಪಾಯಿಯೊಳಗೆ ಏನು ಕೊಳ್ಳಬಹುದು

ನಮಸ್ಕಾರ. ಅಜ್ಜನ ಕಾಲದ ತೊಟ್ಟಿಮನೆಯ ಅಟ್ಟದಲ್ಲಿ ರಾತ್ರಿ ಹೆಜ್ಜೆ ಸಪ್ಪಳ ಕೇಳುತ್ತದೆ, ಅದನ್ನು ಪರಿಶೀಲಿಸಲು ಕೆ-2 ಮೀಟರ್ (ಕಾಂತಕ್ಷೇತ್ರಕ್ಕೆ ದೀಪ ಹೊತ್ತಿಸುವ ಉಪಕರಣ), ಸ್ಪಿರಿಟ್ ಬಾಕ್ಸ್ (ಒಂದು ಬಗೆಯ ರೇಡಿಯೊ) ಮತ್ತು ಲೇಸರ್ ಗ್ರಿಡ್ (ಕತ್ತಲಲ್ಲಿ ಬೆಳಕಿನ ಚುಕ್ಕೆಗಳ ಜಾಲ ಬೀರುವ ದೀಪ) ಇರುವ 10,000 ರೂಪಾಯಿಯ ಸಿದ್ಧ ಕಿಟ್ ತರಿಸಬಹುದೇ ಎಂದು ನೀವು ಕೇಳಿದ್ದೀರಿ. ತರಿಸಬೇಡಿ ಎಂಬುದು ನನ್ನ ಸಲಹೆ. ದೆವ್ವವನ್ನು ಅಳೆಯುವ ಉಪಕರಣ ಯಾವುದೂ ಇಲ್ಲ. ಮಾರಾಟಕ್ಕಿರುವ ಹೆಚ್ಚಿನವು ಕಾಂತಕ್ಷೇತ್ರವನ್ನೋ ಉಷ್ಣಾಂಶವನ್ನೋ ರೇಡಿಯೊ ತರಂಗವನ್ನೋ ಗ್ರಹಿಸುತ್ತವೆ, ಅಷ್ಟೆ. ಆದ್ದರಿಂದ ಯಾವ ಉಪಕರಣ ತೋರಿಸಿದ ಬದಲಾವಣೆಗೆ ಮನೆಯೊಳಗಿನ ಕಾರಣವನ್ನು ನೀವೇ ಹುಡುಕಿ ಖಚಿತಪಡಿಸಿಕೊಳ್ಳಬಲ್ಲಿರೋ ಅದಕ್ಕೆ ಮಾತ್ರ ಹಣ ಹಾಕಿ.

ನಿಮ್ಮ ದೂರು ಸದ್ದಿನದು. ಹೀಗಾಗಿ ಹಣದ ದೊಡ್ಡ ಪಾಲು ಧ್ವನಿಮುದ್ರಕಕ್ಕೆ ಹೋಗಲಿ, ಸಾಧ್ಯವಾದರೆ ಸಾಧಾರಣ ಬೆಲೆಯ ಎರಡನ್ನು ಕೊಳ್ಳಿ. ಸದ್ದನ್ನು ಕುಗ್ಗಿಸದೆ ಇಡುವ ವೇವ್ (WAV) ಕಡತವಾಗಿ ಉಳಿಸುವ ಸೌಲಭ್ಯ ಇರಬೇಕು. ಸದ್ದು ಬಂದಾಗ ಮಾತ್ರ ತಾನಾಗಿ ಚಾಲೂ ಆಗುವ ವ್ಯವಸ್ಥೆಯನ್ನೂ, ನಿಶ್ಶಬ್ದದಲ್ಲಿ ಮೈಕಿನ ಗ್ರಹಣಶಕ್ತಿಯನ್ನು ತಾನೇ ಏರಿಸುವ ವ್ಯವಸ್ಥೆಯನ್ನೂ ಆಫ್ ಮಾಡಲು ಬರಬೇಕು. ಮೊದಲನೆಯದು ಸದ್ದಿನ ಆರಂಭವನ್ನೇ ಕತ್ತರಿಸಿಬಿಡುತ್ತದೆ, ಎರಡನೆಯದು ಬರಿಯ ಗೊರಗೊರವನ್ನು ಪಿಸುಮಾತಿನಂತೆ ಉಬ್ಬಿಸುತ್ತದೆ. ಒಂದನ್ನು ಅಟ್ಟದಲ್ಲಿ, ಇನ್ನೊಂದನ್ನು ಕೆಳಗಿನ ಜಗಲಿಯಲ್ಲಿ ಮಡಿಸಿದ ಬಟ್ಟೆಯ ಮೇಲಿಡಿ, ಕೈಯಲ್ಲಿ ಹಿಡಿಯಬೇಡಿ. ಇಡುವ ಮೊದಲು ಎರಡನ್ನೂ ಒಟ್ಟಿಗೆ ಚಾಲೂ ಮಾಡಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ, ಆಮೇಲೆ ಎರಡು ಕಡತಗಳ ಕಾಲವನ್ನು ಸರಿಹೊಂದಿಸುವುದು ಸುಲಭ. ನೀವು ಕೆಮ್ಮಿದರೆ, ಹೊಟ್ಟೆ ಗುರುಗುಟ್ಟಿದರೆ ಅದನ್ನು ಆ ಕ್ಷಣವೇ ಬಾಯಿಬಿಟ್ಟು ಹೇಳಿ. ಮರುದಿನ ಕೇಳುವಾಗ ನಿಮ್ಮ ಕೆಮ್ಮನ್ನು ನೀವೇ ಗುರುತಿಸುವುದಿಲ್ಲ. ಹಳೆಯ ಹೆಂಚಿನ ಮನೆಯಲ್ಲಿ ಪುನುಗು ಬೆಕ್ಕು, ಇಲಿ, ಗೂಬೆಗಳ ಓಡಾಟವೂ, ಹಗಲಿನ ಬಿಸಿಲಿಗೆ ಹಿಗ್ಗಿದ ತೊಲೆ ರಾತ್ರಿ ಕುಗ್ಗುವಾಗ ಬರುವ ಟಕ್ಕೆಂಬ ಸದ್ದೂ ಹೆಜ್ಜೆಯಂತೆಯೇ ಕೇಳುತ್ತವೆ.

ಕೆ-2 ಮೀಟರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೊಸಬರು ಮೋಸ ಹೋಗುವುದು ಇಲ್ಲಿಯೇ. ಅದರ ಐದು ದೀಪಗಳು 1.5 ಮಿಲಿಗಾಸ್‌ಗಿಂತ (ಇದು ಕಾಂತಕ್ಷೇತ್ರದ ಅಳತೆ) ಕಡಿಮೆಯಿಂದ 20 ಮಿಲಿಗಾಸ್‌ಗಿಂತ ಹೆಚ್ಚಿನವರೆಗಿನ ಹಂತಗಳನ್ನು ಮಾತ್ರ ತೋರಿಸುತ್ತವೆ, ನಿಖರ ಅಂಕಿಯನ್ನಲ್ಲ. ಅದು ಒಂದೇ ದಿಕ್ಕಿನ ಕ್ಷೇತ್ರವನ್ನು ಗ್ರಹಿಸುವುದರಿಂದ ಕೈ ತಿರುಗಿಸಿದರೆ ದೀಪ ಬದಲಾಗುತ್ತದೆ, ಪಕ್ಕದಲ್ಲಿ ಮೊಬೈಲ್ ಕರೆ ಬಂದರೂ ಮಿನುಗುತ್ತದೆ. ಕೊಳ್ಳಲೇಬೇಕೆಂದಿದ್ದರೆ ಮೂರು ದಿಕ್ಕಿನಲ್ಲಿ ಅಳೆದು ಅಂಕಿ ತೋರಿಸುವ ಮೀಟರನ್ನು, ಅದೂ ಮುಂದಿನ ವರ್ಷ, ಕೊಳ್ಳಿ. ಚಿಕ್ಕಮಗಳೂರಿನ ಕಡೆಯ ಒಂದು ಹಳೆಯ ಬಂಗಲೆಯಲ್ಲಿ ನಾನು ಕೆ-2 ಹಿಡಿದು ಕುಳಿತಿದ್ದಾಗ ರಾತ್ರಿ 1.40ಕ್ಕೆ ಐದೂ ದೀಪ ಹೊತ್ತಿದವು, ನೆಲ ಸಣ್ಣಗೆ ಗುಂಯ್‌ಗುಟ್ಟಿತು, ಜೊತೆಗಿದ್ದವರು ಮಂತ್ರ ಹೇಳತೊಡಗಿದರು. ಬೆಳಿಗ್ಗೆ ನೋಡಿದರೆ ಗೋಡೆಯ ಆಚೆ ಬದಿಯಲ್ಲಿ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಇತ್ತು; ಮೂರು ಫೇಸ್ ಕರೆಂಟು ಬಂದ ಕೂಡಲೇ ಮೋಟರ್ ತಾನೇ ಚಾಲೂ ಆಗಿತ್ತು. ಹಾಗಾಗಿ ಹಗಲಿನಲ್ಲೇ ಮೀಟರ್ ಬೋರ್ಡು, ಇನ್ವರ್ಟರ್, ಫ್ರಿಜ್, ಸ್ಟಾರ್ಟರ್ ಎಲ್ಲೆಲ್ಲಿವೆ ಎಂದು ನಕ್ಷೆ ಬರೆದುಕೊಳ್ಳಿ, ಮತ್ತು ಮೇನ್ ಸ್ವಿಚ್ ಆರಿಸಿದರೂ ಇನ್ವರ್ಟರ್ ಲೈನು ಜೀವಂತವಾಗಿರುತ್ತದೆ ಎಂಬುದನ್ನು ಮರೆಯಬೇಡಿ.

ನೆಲದ ನಡುಕವನ್ನು ನೋಡಲು ಯಂತ್ರ ಬೇಕಾಗಿಲ್ಲ. 1937ರಲ್ಲಿ ದೆವ್ವದ ಮನೆಯೆಂದು ಹೆಸರಾಗಿದ್ದ ಇಂಗ್ಲೆಂಡಿನ ಬೋರ್ಲಿ ರೆಕ್ಟರಿಯನ್ನು (ಪಾದ್ರಿಯ ಮನೆ) ಒಂದು ವರ್ಷ ಬಾಡಿಗೆಗೆ ಹಿಡಿದು ಪರೀಕ್ಷಿಸಿದ ದೆವ್ವ ಸಂಶೋಧಕ ಹ್ಯಾರಿ ಪ್ರೈಸ್ ಅವರ ಪೆಟ್ಟಿಗೆಯಲ್ಲಿ ಉಕ್ಕಿನ ಟೇಪು, ಸೀಮೆಸುಣ್ಣ, ದಾರ, ಸದ್ದಾಗದಂತೆ ಬೂಟಿನ ಮೇಲೆ ತೊಡುವ ಮೆತ್ತನೆಯ ಮೇಲ್‌ಜೋಡು, ಟಾರ್ಚು ಇವುಗಳ ಜೊತೆ ಕಂಪನ ಗುರುತಿಸಲು ಪಾದರಸದ ಬಟ್ಟಲೂ ಇರುತ್ತಿತ್ತು. (ಬ್ರಾಂದಿಯ ಸೀಸೆಯೂ ಇರುತ್ತಿತ್ತು, ಅದನ್ನು ನಿಮ್ಮ ವಿವೇಚನೆಗೆ ಬಿಡುತ್ತೇನೆ.) ಪಾದರಸ ವಿಷ, ಆದ್ದರಿಂದ ಅಗಲವಾದ ತಟ್ಟೆಯಲ್ಲಿ ನೀರಿಟ್ಟು ಓರೆಯಾಗಿ ಟಾರ್ಚ್ ಬಿಟ್ಟರೆ ಸಾಕು. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ ತಮ್ಮ ಪ್ರಯೋಗಾಲಯದಲ್ಲಿ ಕಂಡ ಬೂದು ಆಕೃತಿಗೆ ಹೊಸ ಫ್ಯಾನೊಂದು ಹುಟ್ಟಿಸುತ್ತಿದ್ದ, ಕಿವಿಗೆ ಕೇಳದ ಸುಮಾರು 19 ಹರ್ಟ್ಜ್‌ನ ಕಂಪನವೇ ಕಾರಣವೆಂದು 1998ರಲ್ಲಿ ಬರೆದರು. ಅವರಿಗೆ ಸುಳಿವು ಕೊಟ್ಟಿದ್ದು ಬಿಗಿಹಿಡಿಯುವ ವೈಸ್‌ನಲ್ಲಿ ಸಿಕ್ಕಿಸಿದ್ದಾಗ ತಾನೇ ಅದುರಿದ ಕತ್ತಿವರಸೆಯ ಅಲಗು. ಹೆಜ್ಜೆಯ ಜಾಡಿಗೆ ಅಟ್ಟದ ಹಲಗೆಯ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ, ಬಾಗಿಲಿಗೆ ಅಡ್ಡಲಾಗಿ ಕಪ್ಪು ದಾರ ಕಟ್ಟಿ. ಇವೆರಡಕ್ಕೂ ಸೇರಿ ನೂರು ರೂಪಾಯಿಯೂ ಆಗದು.

ಕ್ಯಾಮೆರಾಕ್ಕೆ ಮನೆಯಲ್ಲಿರುವ ಹಳೆಯ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ಏರೋಪ್ಲೇನ್ ಮೋಡ್‌ನಲ್ಲಿಟ್ಟು ಬಳಸಿ. ಫ್ಲ್ಯಾಶ್ ಬೇಡ, ಲೆನ್ಸಿನ ಹತ್ತಿರದ ಧೂಳಿಗೆ ಬೆಳಕು ಬಡಿದು ಮರಳಿದಾಗಲೇ ಆ ಪ್ರಸಿದ್ಧ ಬೆಳಕಿನ ಗೋಲಗಳು ಮೂಡುವುದು. ಗನ್ ಮಾದರಿಯ ಥರ್ಮಾಮೀಟರ್ ಗಾಳಿಯ ತಂಪನ್ನು ಅಳೆಯದೆ ಎದುರಿನ ಗೋಡೆಯ ಮೇಲ್ಮೈಯನ್ನು ಅಳೆಯುತ್ತದೆ, ಆದ್ದರಿಂದ ಅದೂ ಬೇಡ. ಸ್ಪಿರಿಟ್ ಬಾಕ್ಸ್ ಎಂಬುದು ನಿಲ್ಲದೆ ಸ್ಟೇಷನ್ ಬದಲಿಸುವ ರೇಡಿಯೊ. ಅದರಲ್ಲಿ ಕನ್ನಡ ಮಾತು ಕೇಳಿಸಿದರೆ ಮೊದಲು ಆಕಾಶವಾಣಿಯನ್ನು ಅನುಮಾನಿಸಿ.

ಉಳಿದ ಹಣದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆಹಚ್ಚುವ ಅಲಾರಂ ಕೊಳ್ಳಿ. ವಿಲಿಯಂ ವಿಲ್ಮರ್ ಎಂಬ ಅಮೆರಿಕದ ನೇತ್ರವೈದ್ಯರು 1921ರಲ್ಲಿ ವರದಿ ಮಾಡಿದ ಕುಟುಂಬವೊಂದಕ್ಕೆ ಹೆಜ್ಜೆ ಸಪ್ಪಳವೂ ಆಕೃತಿಗಳೂ ಕಾಡಿದ್ದವು, ಕಾರಣ ಮನೆಯನ್ನು ಬಿಸಿಮಾಡುವ ಕೆಟ್ಟುಹೋದ ಕುಲುಮೆಯಿಂದ ಮನೆಯೊಳಗೆ ಸೇರುತ್ತಿದ್ದ ಇದೇ ಅನಿಲ. ನೀವು ಚಳಿಗೆ ಕೋಣೆಯೊಳಗೆ ಇದ್ದಿಲ ಕೆಂಡ ಇಡುವುದಾದರೆ, ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ, ಈ ಅಲಾರಂ ಧ್ವನಿಮುದ್ರಕಕ್ಕಿಂತಲೂ ಮೊದಲು ಬರಬೇಕು.

ಒಂದು ರಾತ್ರಿಯ ಮುದ್ರಣ ಸಿಕ್ಕ ಮೇಲೆ ಶುದ್ಧಗೊಳಿಸದ ಮೂಲ ಕಡತವನ್ನೇ ನಮ್ಮ ಗುಂಪಿನಲ್ಲಿ ಹಾಕಿ. ಎಷ್ಟನೆಯ ನಿಮಿಷದಲ್ಲಿ ಕೇಳಬೇಕೆಂದು ತಿಳಿಸಿ, ಆದರೆ ಅಲ್ಲಿ ನಿಮಗೆ ಏನು ಕೇಳಿಸಿತೆಂದು ಬರೆಯಬೇಡಿ. ನಾವು ನಾಲ್ಕೈದು ಜನ ಬೇರೆಬೇರೆಯಾಗಿ ಕೇಳಿ ನಿಮಗೆ ಖಾಸಗಿಯಾಗಿ ಬರೆದು ಕಳಿಸುತ್ತೇವೆ.