ಮಳೆ ನಕ್ಷತ್ರದ ಗಾದೆಗಳನ್ನು ಈಗಲೂ ನಂಬಿ ಬಿತ್ತಬಹುದೇ?

ಗಾದೆಯನ್ನು ನಂಬಿ, ತಾರೀಕನ್ನು ನಂಬಬೇಡಿ. ಸೂರ್ಯ ಒಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ, ಆ ದಿನಗಳ ಮಳೆಗೆ ಅದೇ ನಕ್ಷತ್ರದ ಹೆಸರು; ಭರಣಿ ಏಪ್ರಿಲ್ ಕೊನೆಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಈ ಲೆಕ್ಕವೇ ಋತುವಿನಿಂದ ಸುಮಾರು 72 ವರ್ಷಕ್ಕೊಂದು ದಿನ ಮುಂದಕ್ಕೆ ಜಾರುತ್ತದೆ. ಆದರೆ ಈಗಿನ ತೊಂದರೆ ಅದಲ್ಲ: ಹದಿನೈದು ದಿನದ ಮಳೆ ಎರಡೇ ದಿನದಲ್ಲಿ ಸುರಿದು, ಆಮೇಲೆ ಮೂರು ವಾರ ಒಣಗುವುದು.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುವುದರಲ್ಲಿ ಹುರುಳಿದೆ. ಆ ಹದಕ್ಕೆ ಉಳುಮೆ ಮಾಡಿದರೆ ಮಣ್ಣು ಸಡಿಲವಾಗಿ ಮುಂದಿನ ನೀರು ಇಂಗುತ್ತದೆ, ಕಳೆ ಮೊದಲೇ ಹುಟ್ಟಿ ಸಾಯುತ್ತದೆ. ಹಳೇ ಮೈಸೂರು ಕಡೆಯ ಮಳೆಯಾಶ್ರಿತ ರಾಗಿ ಹೆಚ್ಚಾಗಿ ಕೈಕೊಡುವುದು ಮೊದಲ ಮಳೆಗೇ ಬಿತ್ತಿದವರಿಗೆ: ಮೇಲ್ಮಣ್ಣಿನ ಎರಡಂಗುಲ ತೇವಕ್ಕೆ ಮೊಳಕೆ ಬರುತ್ತದೆ, ಬೇರಿಳಿಯುವ ಮುನ್ನ ಒಣಗುತ್ತದೆ.

ಬಿತ್ತುವ ಮುನ್ನ ಗೇಣುದ್ದ ಅಗೆದು ತಳದ ಮಣ್ಣು ಹಿಡಿಯಿರಿ. ಉಂಡೆ ಕಟ್ಟಿ, ಎದೆಯೆತ್ತರದಿಂದ ಬಿಟ್ಟರೆ ಒಡೆದು ಉದುರಬೇಕು, ಅದೇ ಹದ. ಉಂಡೆಯೇ ಕಟ್ಟದಿದ್ದರೆ ಕಾಯಿರಿ. ಪುಷ್ಯ ದಾಟಿತೋ (ಆಗಸ್ಟ್ ಮೊದಲ ವಾರ), 120 ದಿನದ ತಳಿ ಬಿಟ್ಟು ನೂರು ದಿನದೊಳಗೆ ಬರುವ ಜಿಪಿಯು-48 ಹಾಕಿ, ಇಲ್ಲದಿದ್ದರೆ ತೆನೆ ಕಾಳು ಕಟ್ಟುವಾಗ ನೀರಿರುವುದಿಲ್ಲ.